ಸೆಡ್ರಿಕ್ ಗೇಟು ಹಾಕಿದ್ದು

"ಇವತ್ತಿನಿಂದ ನಾನು ಅಪ್ಪಟ ಹಳ್ಳಿಗ!" ಎಂದು ಸೆಡ್ರಿಕ್ ಪ್ಲಂಬ್ಲಿ ಕಾರಿನಿಂದ ಇಳಿಯುವ ಮೊದಲೇ ಘೋಷಿಸಿಬಿಟ್ಟ. ಹಳ್ಳಿಗನಾಗಲು ಅವನು ಮಾಡಿಕೊಂಡ ಸಿದ್ಧತೆ ಸಾಮಾನ್ಯದ್ದಲ್ಲ: ಹೊಸ ರಬ್ಬರ್ ಬೂಟು, ಹೊಸ ಊರುಗೋಲು, ಹಳೆಯದರಂತೆ ಕಾಣುವ ಹೊಸ ಟೋಪಿ!

ಹಿಂದೆ ಗುಡ್ಡ, ಮುಂದೆ ಕಡಲು, ನಡುವೆ ರಜೆಗೆಂದು ಬಾಡಿಗೆ ಹಿಡಿದ ಪುಟ್ಟ ಕಲ್ಲುಮನೆ. ವೇಲ್ಸಿನ ಈ ಮೂಲೆಯ ಮೇಲೆ ಸೆಡ್ರಿಕ್‌ನ ಕಣ್ಣು ಬಿದ್ದು ವರ್ಷಗಳೇ ಆಗಿದ್ದವು. ಬರ್ಮಿಂಗ್‌ಹ್ಯಾಮಿನ ಬೀದಿಗಳಲ್ಲಿ ತಪ್ಪು ಜಾಗದಲ್ಲಿ ನಿಂತ ಕಾರುಗಳಿಗೆ ದಂಡದ ಚೀಟಿ ಅಂಟಿಸುತ್ತ ಸವೆದ ಜೀವ ಅದು. ಈಗ ನಿವೃತ್ತಿಯಾಗಿದೆ, ಅಲ್ಲಿಯ ಮನೆ ಮಾರಿ ಇಲ್ಲೇ ಬಂದು ನೆಲೆಸೋಣ ಎಂದು ಅವನ ಹಠ. ಹೆಂಡತಿ ಬೆರಿಲ್‌ಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಕಡೆಗೆ ಅವಳೇ ಒಂದು ಪಂಥ ಕಟ್ಟಿದ್ದಳು.

"ಒಂದು ವಾರ ಇದ್ದು ನೋಡೋಣ. ಊರವರ ಹತ್ರ ಹೋಗಿ 'ಸಹಾಯ ಮಾಡಿ' ಅಂತ ನೀನು ಒಂದೇ ಒಂದು ಸಲ ಬಾಯಿ ಬಿಟ್ಟೆಯೋ, ಮುಗೀತು. ಮತ್ತೆ ಹಳ್ಳಿ ಅನ್ನೋ ಮಾತೇ ಎತ್ತಬಾರದು."

"ಸಹಾಯ? ನಾನಾ? ಅವರೇ ಬಂದು ನನ್ನನ್ನ ಕೇಳ್ತಾರೆ, ನೋಡ್ತಿರು!"

ಮರುದಿನ ಬೆಳಿಗ್ಗೆ ಹಳ್ಳಿಗ ವಾಯುವಿಹಾರಕ್ಕೆ ಹೊರಟ. ಮನೆಯ ಕೆಳಗೆ ಕಡಲಿನವರೆಗೂ ಹರಡಿದ ಉಪ್ಪುನೆಲದ ಹುಲ್ಲುಗಾವಲು. ಅಲ್ಲಿ ಕುರಿಗಳು ಮೇಯುತ್ತಿದ್ದವು. ಆ ಹುಲ್ಲುಗಾವಲಿಗೂ ಮೇಲಿನ ಹೊಲಕ್ಕೂ ನಡುವೆ ಒಂದು ಗೇಟು. ಅದು ಹಾರುಹೊಡೆದಿತ್ತು!

ಗೇಟು ಹೇಗಿದೆಯೋ ಹಾಗೆಯೇ ಬಿಟ್ಟು ಹೋಗಬೇಕು ಎನ್ನುವುದು ಈ ದೇಶದಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ಸೆಡ್ರಿಕ್‌ಗೂ ಗೊತ್ತಿತ್ತು. ಆದರೆ ನಿಯಮಗಳಿರುವುದು ಬೇರೆಯವರು ಪಾಲಿಸಲಿಕ್ಕೆ ಎಂದು ನಂಬಿಯೇ ಇಡೀ ನೌಕರಿ ಮುಗಿಸಿದ ಮನುಷ್ಯ ಅವನು. ಸರಿಯಾಗಿ ಮುಚ್ಚದ ಯಾವುದನ್ನು ಕಂಡರೂ ಅವನ ಕೈ ತುರಿಸುತ್ತದೆ.

"ಈ ಹಳ್ಳಿ ಜನಕ್ಕೆ ಜವಾಬ್ದಾರಿ ಅನ್ನೋದೇ ಇಲ್ಲ!" ಎಂದು ಗೊಣಗುತ್ತ ಗೇಟನ್ನು ಎಳೆದು ಹಾಕಿದ. ಚಿಲಕ ಮುರಿದಿತ್ತು. ಹಗ್ಗ ಸಿಗಲಿಲ್ಲ. ಕ್ರಿಸ್‌ಮಸ್‌ಗೆ ಬೆರಿಲ್ ಕೈಯಾರೆ ಹೆಣೆದು ಕೊಟ್ಟಿದ್ದ ಸಾಸಿವೆ ಬಣ್ಣದ, ನೇರಳೆ ಕುಚ್ಚಿನ ಮಫ್ಲರ್ ಕೊರಳಲ್ಲಿತ್ತು. ಅದಕ್ಕೊಂದು ಸದುಪಯೋಗವನ್ನು ಅವನು ಅಂದಿನಿಂದಲೂ ಹುಡುಕುತ್ತಿದ್ದ! ಬಿಗಿದ. ಗಂಟಿನ ಮೇಲೆ ಗಂಟು ಹಾಕಿದ. ಲೋಕೋದ್ಧಾರ ಮಾಡಿದ ಮುಖ ಹೊತ್ತು ಮನೆಗೆ ಬಂದ.

ಬಂದವನೇ ಸೌದೆ ಒಲೆಗೆ ಕೈ ಹಾಕಿದ. ಒಲೆ ಬೆಂಕಿಯೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಕೊಟ್ಟಿತು.

"ಕಾರಿಗೆ ಚೀಟಿ ಅಂಟಿಸಿದವರು ಒಲೆ ಮುಂದೆ ಕೂತ್ರೆ ಹೀಗೇ ಆಗೋದು," ಬೆರಿಲ್ ಕೆಮ್ಮಿದಳು. "ಪಕ್ಕದ ಮನೆ ಮೋರ್ಫಿಡ್ ನಿನ್ನೆ ಬಂದು ಮಾತಾಡಿಸಿದ್ರಲ್ಲ, ಅವರನ್ನ ಒಂದು ಮಾತು ಕೇಳಬಾರದಾ?"

"ಕೇಳೋದಾ? ಹೊಗೆ ಅಂದ್ರೆ ಹಳ್ಳಿಯ ಸುವಾಸನೆ ಕಣೆ! ಬಾಗಿಲು ತೆಗೆದ್ರಾಯ್ತು!" ಎಂದು ಮುಂಬಾಗಿಲು, ಹಿಂಬಾಗಿಲು ಎರಡನ್ನೂ ತೆರೆದಿಟ್ಟ. ಮುಚ್ಚಬಾರದ್ದನ್ನು ಮುಚ್ಚಿ, ತೆರೆಯಬಾರದ್ದನ್ನು ತೆರೆದ ಮಹಾಪುರುಷ!

ಇಷ್ಟರಲ್ಲಿ ಭರತದ ಹೊತ್ತಾಗಿ ಕಡಲು ಹುಲ್ಲುಗಾವಲಿನ ಮೇಲೆ ಉಕ್ಕತೊಡಗಿತು. ನೀರೇರುವ ಹೊತ್ತಿಗೆ ಕುರಿಗಳು ತಾವಾಗಿಯೇ ಸಾಲು ಹಿಡಿದು ಗೇಟು ದಾಟಿ ಮೇಲಿನ ಹೊಲ ಸೇರುವುದು ಅಲ್ಲಿಯ ರೂಢಿ. ಇವತ್ತು ಬಂದು ನೋಡಿದರೆ ಎದುರಿಗೆ ಸಾಸಿವೆ ಬಣ್ಣದ ಮಫ್ಲರ್! ಪಾಪ, ಹುಲ್ಲುಗಾವಲಿನ ಕಲ್ಲುಗೋಡೆಯುದ್ದಕ್ಕೂ ಅಲೆದವು. ಬಿದ್ದುಹೋದ ಒಂದು ಸಂದು ಸಿಕ್ಕಿತು. ಸಂದಿನಿಂದ ಮನೆ ಬಳಸಿ ಹಿತ್ತಲು, ಹಿತ್ತಲಿನಿಂದ ಅಡುಗೆಮನೆ.

ಮೊದಲು ಬಂದ ಕುರಿ ಬೆರಿಲ್‌ಳ ಓಟ್ಸ್ ಬಿಸ್ಕತ್ತಿನ ತಟ್ಟೆಗೆ ಬಾಯಿ ಹಾಕಿತು. ಎರಡನೆಯದು ಸೆಡ್ರಿಕ್‌ನ ಹೊಸ ಟೋಪಿಯ ರುಚಿ ನೋಡಿತು. ಮೂರನೆಯದು ಒಲೆಯ ಮುಂದಿನ ಜಮಖಾನದ ಮೇಲೆ ಮಾಡಬಾರದ್ದನ್ನು ಮಾಡಿತು.

"ಡಿಯರ್, ನಿನ್ನ ನೆಂಟರು ಬಂದಿದ್ದಾರೆ," ಎಂದಳು ಬೆರಿಲ್ ಕುರ್ಚಿಯ ಮೇಲೆ ಹತ್ತಿ ನಿಂತು. "ಮೋರ್ಫಿಡ್‌ನ ಕೂಗಲಾ?"

"ಖಬರ್ದಾರ್! ನಾನಿದ್ದೀನಿ!"

ಸದ್ದು ಮಾಡಿದರೆ ಬೆದರಿ ಓಡುತ್ತವೆ ಎಂದುಕೊಂಡು ಸೆಡ್ರಿಕ್ ಬೂದಿ ತುಂಬುವ ತಗಡಿನ ಬಕೆಟ್ಟು ಹಿಡಿದು ಡಬಡಬ ಬಡಿದ. ಕುರಿಗಳು ಕಿವಿ ನಿಮಿರಿಸಿದವು. ಬಕೆಟ್ಟಿನ ಸದ್ದು ಕೇಳಿದರೆ ಮೇವು ಬಂತೆಂದೇ ಅವಕ್ಕೆ ಅರ್ಥ. ಹಿತ್ತಲಿನಲ್ಲಿ ಹಿಂದೆಮುಂದೆ ನೋಡುತ್ತಿದ್ದ ಮಿಕ್ಕ ಕುರಿಗಳೂ ಹೋ ಎಂದು ಒಳನುಗ್ಗಿದವು! ಇವನು ಹೆದರಿ ಇನ್ನೂ ಜೋರಾಗಿ ಬಡಿದ. ಅವು ಇನ್ನೂ ಜೋರಾಗಿ ಬಂದವು. ಕಡೆಗೆ ಬಕೆಟ್ಟನ್ನು ಎದೆಗವಚಿಕೊಂಡು ಸಿಂಕಿನ ಮೇಲೆ ಹತ್ತಿ ಕುಳಿತ.

ಆಗ ಬಾಗಿಲಲ್ಲಿ ಮೋರ್ಫಿಡ್ ಕಾಣಿಸಿಕೊಂಡಳು. ಗಟ್ಟಿಮುಟ್ಟಾದ, ದೊಡ್ಡ ಬಾಯಿಯ ಹೆಂಗಸು. ಕುರಿಗಳ ಒಡತಿ.

"ಅಬ್ಬಾ, ಇಲ್ಲಿದ್ದಾವಾ! ನೀರು ಪಾಲಾದವು ಅಂತ ಎದೆ ಬಡ್ಕೊಂಡು ಓಡಿ ಬಂದೆ ಕಣ್ರಮ್ಮ. ಯಾವನೋ ಮುಠ್ಠಾಳ ಗೇಟು ಹಾಕಿಬಿಟ್ಟಿದಾನೆ!"

 ಸೆಡ್ರಿಕ್ ಸಿಂಕಿನ ಮೇಲಿಂದಲೇ ದನಿಯೇರಿಸಿದ. "ಛೆ ಛೆ! ಪೇಟೆಯಿಂದ ಬರೋರ ಹಣೆಬರಹವೇ ಇಷ್ಟು! ಗೇಟಿನ ಶಿಸ್ತೇ ಗೊತ್ತಿಲ್ಲ! ನನ್ನ ಕೈಗೆ ಸಿಕ್ಕಿದ್ರೆ ದಂಡ ಹಾಕ್ತಿದ್ದೆ!"

"ಹಾಕಿ ಸ್ವಾಮಿ, ಹಾಕಿ. ಗಂಟು ಬಿಚ್ಚೋಕಾಗದೆ ಕುಯ್ದೇ ತಂದೆ," ಎಂದು ಮೋರ್ಫಿಡ್ ಜೇಬಿನಿಂದ ಅರ್ಧ ಮಫ್ಲರ್ ಹೊರತೆಗೆದಳು. ನೇರಳೆ ಕುಚ್ಚು ಗಾಳಿಯಲ್ಲಿ ತೂಗಿತು.

 ಬೆರಿಲ್ ಕುಚ್ಚು ನೋಡಿದಳು, ಗಂಡನ ಬೋಳು ಕೊರಳು ನೋಡಿದಳು. ಇನ್ನು ಉಳಿಗಾಲವಿಲ್ಲವೆಂದು ಸೆಡ್ರಿಕ್ ಕಣ್ಣು ಮುಚ್ಚಿಕೊಂಡ. ಕೇಳಿಸಿದ್ದು ನಗು! ಕುರ್ಚಿ ಅಲುಗಾಡುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ಬೆರಿಲ್ ನಗುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಬಿಟ್ಟರೆ ಅವಳು ಹೀಗೆ ನಕ್ಕಿದ್ದು ಅವನಿಗೆ ನೆನಪಿಲ್ಲ.

"ನೀವು ಸಿಂಕಿನಿಂದ ಇಳೀರಿ," ಎಂದಳು ಮೋರ್ಫಿಡ್. "ಬಕೆಟ್ಟು ಬಡೀತಾ ಮುಂದೆ ನಡೀರಿ. ಹಿಂದೇನೇ ಬರ್ತವೆ."

ಹಾಗಾಗಿ ಆ ದಿನ ಊರಿಗೆ ಊರೇ ಒಂದು ಮೆರವಣಿಗೆ ಕಂಡಿತು. ಮುಂದೆ ಬೂದಿ ಮೆತ್ತಿದ ಸೆಡ್ರಿಕ್, ಹಿಂದೆ ಮೋರ್ಫಿಡ್‌ಳ ಇಡೀ ಮಂದೆ, ಕೊನೆಯಲ್ಲಿ ಮಾತಾಡುತ್ತ ಬರುವ ಬೆರಿಲ್ ಮತ್ತು ಮೋರ್ಫಿಡ್. ಪಬ್ಬಿನ ಮುಂದೆ ಕುಳಿತವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಒಬ್ಬನಂತೂ "ಯಜಮಾನ್ರೆ, ಗೇಟು ಹುಷಾರು!" ಎಂದು ಕೂಗಿದ. ಸುದ್ದಿ ಅವನಿಗಿಂತ ಮುಂಚೆಯೇ ಊರು ಸುತ್ತಿತ್ತು. ಸಾಯುವವರೆಗೂ ಈ ಊರಿನಲ್ಲಿ 'ಗೇಟು ಹಾಕಿದವ' ಎನ್ನುವುದು ಬಿಟ್ಟರೆ ತನಗೆ ಇನ್ನೊಂದು ಹೆಸರಿರುವುದಿಲ್ಲ ಎಂದು ಸೆಡ್ರಿಕ್‌ಗೆ ಹೊಲ ತಲುಪುವಷ್ಟರಲ್ಲಿ ಮನದಟ್ಟಾಯಿತು. ಬರ್ಮಿಂಗ್‌ಹ್ಯಾಮಿನ ಮನೆ, ಗುಂಡಿ ಒತ್ತಿದರೆ ಹೊತ್ತುವ ಒಲೆ, ಹೆಸರು ಗೊತ್ತಿಲ್ಲದ ನೆರೆಹೊರೆ, ಎಲ್ಲವೂ ಕಣ್ಮುಂದೆ ಬಂತು.

ತಟ್ಟನೆ ಉಪಾಯ ಹೊಳೆಯಿತು. ಪಂಥ! ಬೆರಿಲ್ ಪಕ್ಕದಲ್ಲಿ ನಿಂತಿರುವಾಗಲೇ ಅವನು ಮೋರ್ಫಿಡ್‌ಗೆ ಗಟ್ಟಿಯಾಗಿ ಹೇಳಿದ:

"ಅಮ್ಮಾ, ನನ್ನ ಕೈಲಾಗಲ್ಲ. ಸಹಾಯ ಮಾಡಿ! ಆ ಒಲೆ ಹೊತ್ತಿಸಿಕೊಡಿ!"

ನಂತರ ಹೆಂಡತಿಯ ಕಡೆ ತಿರುಗಿದ. "ಕೇಳಿಸ್ಕೊಂಡೆಯಲ್ಲ? ಬಾಯಿ ಬಿಟ್ಟೆ, ಸೋತೆ. ನಡಿ, ಊರಿಗೆ ಹೋಗೋಣ."

"ಸೋತಿದ್ದು ನೀನು, ಹೋಗು," ಎಂದಳು ಬೆರಿಲ್ ಕಣ್ಣೊರೆಸಿಕೊಳ್ಳುತ್ತ. "ನನ್ನನ್ನ ಇಷ್ಟು ನಗಿಸಿದ ಊರು ಬಿಟ್ಟು ನಾನಂತೂ ಬರಲ್ಲ. ಸಹಾಯ ಕೇಳಬಾರದು ಅಂತ ಇದ್ದದ್ದು ನಿನಗೆ ಮಾತ್ರ. ಮೋರ್ಫಿಡ್, ಈಗ ದಾರೀಲಿ ಗುಡ್ಡದ ಬುಡದ ಮನೆ ಖಾಲಿ ಇದೆ ಅಂದ್ರಲ್ಲ, ಅದನ್ನ ನಮಗೆ ಕೊಡಿಸ್ತೀರಾ?"

"ಕೊಡಿಸ್ತೀನಮ್ಮಾ, ಆದ್ರೆ ಒಂದು ಮಾತು," ಎಂದಳು ಮೋರ್ಫಿಡ್ ಸೆಡ್ರಿಕ್‌ನನ್ನು ಅಡಿಯಿಂದ ಮುಡಿಯವರೆಗೂ ನೋಡಿ. "ಆ ಮನೆಗೆ ಗೇಟಿಲ್ಲ."

"ಹಾಗಾದ್ರೆ ಖಂಡಿತ ಬೇಕು!" ಎಂದಳು ಬೆರಿಲ್.