ಮೋಹನದಾಸರ ಹಿತ್ತಾಳೆ ಬಿಲ್ಲೆ

ಪುಸ್ತಕ ಓದಿ ತಾವು ಕೆಟ್ಟವರಿದ್ದಾರೆ. ಮುಂಬಯಿ ಬಳಿಯ ಠಾಕುರ್ಲಿಯ ಮೋಹನದಾಸರು ಇಡೀ ಬಿಲ್ಡಿಂಗನ್ನೇ ಕೆಡಿಸಿದರು. ಕಲ್ಲಿದ್ದಲು ಗಣಿಯವರ ಬದುಕಿನ ಕುರಿತ ದಪ್ಪ ಪುಸ್ತಕವೊಂದು ಅವರ ಕೈಗೆ ಸಿಕ್ಕಿತ್ತು. ಅದರಲ್ಲೊಂದು ಪದ್ಧತಿ: ಗಣಿಗಿಳಿಯುವವನು ಗೇಟಿನ ಮೊಳೆಯಿಂದ ತನ್ನ ಹಿತ್ತಾಳೆ ಬಿಲ್ಲೆ ಒಯ್ಯಬೇಕು, ಮೇಲೆ ಬಂದು ಮತ್ತೆ ತೂಗುಹಾಕಬೇಕು. ಒಂದು ಬಿಲ್ಲೆ ಬಾರದಿದ್ದರೂ ಊರಲ್ಲಿ ಯಾರೂ ಒಲೆ ಹಚ್ಚುವುದಿಲ್ಲ.

ಓದಿ ಮೋಹನದಾಸರ ಕಣ್ಣು ತುಂಬಿತು. "ನಮ್ಮ ಲೋಕಲ್ ಗಾಡಿ ಗಣಿಗಿಂತ ಕಡಿಮೆಯಾ ಮಾರಾಯ್ರೆ? ದಿನಾ ಬಾಗಿಲಿಗೆ ನೇತಾಡಿಕೊಂಡು ಬರುವವರಲ್ವಾ ನಾವು?" ಎಂದು ಸೊಸೈಟಿ ಮೀಟಿಂಗಿನಲ್ಲಿ ಗದ್ಗದರಾದರು. ಸೆಕ್ರೆಟರಿಯೇ ಅಳುವಾಗ ಬೇಡ ಅನ್ನುವವರು ಯಾರು? ಶನಿವಾರ ಬೆಳಗ್ಗೆ ಗೇಟಿನ ಪಕ್ಕ ಹಲಗೆ ಬಂತು, ಎಲ್ಲರಿಗೂ ಒಂದೊಂದು ಬಿಲ್ಲೆ ಸಿಕ್ಕಿತು.

ಅಂದು ಅವರಿಗೆ ಅರ್ಧ ದಿನ ಆಫೀಸು. ಪುಸ್ತಕದ ಕೊನೆಯ ಅಧ್ಯಾಯ ಬಾಕಿ: ಒಂದು ಬಿಲ್ಲೆ ಮರಳಿಲ್ಲ, ಊರೆಲ್ಲ ಗಣಿಯ ಬಾಯಲ್ಲಿ ಕಾದು ನಿಂತಿದೆ. ಆ ಮನುಷ್ಯ ಬದುಕಿ ಬಂದನೋ ಇಲ್ಲವೋ ಎಂದು ತಿಳಿಯದೆ ಮೋಹನದಾಸರಿಗೆ ಅನ್ನ ಇಳಿಯುವಂತಿರಲಿಲ್ಲ. ಮನೆಗೆ ಹೋದರೆ ಹೆಂಡತಿ ದ್ರೌಪದಿ ಹಿಟ್ಟಿನ ಗಿರಣಿಗೆ ಅಟ್ಟುತ್ತಾರೆ. ಬಿಲ್ಲೆ ತೂಗುಹಾಕಿದರೆ ನೆರೆಮನೆಯ ಜಯಲತಾ ನೀರಿನ ದೂರು ಹಿಡಿದು ಬರುತ್ತಾರೆ. ವಾಚ್‌ಮನ್ ಹುಲಗಪ್ಪ ಚಹಾಕ್ಕೆ ಹೋದ ಹೊತ್ತು ನೋಡಿ, ಬಿಲ್ಲೆಯನ್ನು ಜೇಬಲ್ಲೇ ಉಳಿಸಿಕೊಂಡು, ಮೊಬೈಲ್ ಬಂದ್ ಮಾಡಿ, ಬೆಕ್ಕಿನಂತೆ ಟೆರೇಸು ಹತ್ತಿದರು.

ನೀರಿನ ಟಾಕಿಯ ನೆರಳು, ಖಾಡಿಯ ಹಿನ್ನೀರಿನ ಕಡೆಯ ಗಾಳಿ. ಎರಡು ಪುಟಕ್ಕೇ ನಿದ್ದೆ. ಎಚ್ಚರವಾದಾಗ ಸಂಜೆ, ಕೆಳಗೆ ಗಲಾಟೆಯೋ ಗಲಾಟೆ. ನೀರಿನ ಜಗಳವೇ ಇರಬೇಕು, ಇಳಿದರೆ ಪಂಚಾಯಿತಿಗೆ ಕೂರಿಸುತ್ತಾರೆ ಎಂದು ಮಗ್ಗುಲು ಬದಲಿಸಿದರು. ಗಲಾಟೆ ತಾನಾಗಿ ಅಡಗಿತು. ಆದರೆ ಓದಲು ಬೆಳಕು ಸಾಲದೆ ಕೊನೆಗೂ ಕೆಳಗಿಳಿಯಬೇಕಾಯಿತು.

ಮನೆಗೆ ಬೀಗ. ಜಯಲತಾ ಮನೆಗೂ ಬೀಗ. ಕೆಳಗೆ ಹುಲಗಪ್ಪನ ಕುರ್ಚಿ ಖಾಲಿ. ಬಿಲ್ಲೆ ತೂಗುಹಾಕಲು ಹೋದವರು ಕಲ್ಲಾದರು. ಹಲಗೆಯ ಮೇಲೆ ಒಂದೇ ಒಂದು ಬಿಲ್ಲೆಯಿಲ್ಲ!

ಮೊಬೈಲ್ ತೆರೆದರೆ ದ್ರೌಪದಿ ಕಳಿಸಿದ್ದ ವಾಯ್ಸ್ ಮೆಸೇಜು: "ಎಲ್ಲಿದ್ದೀರಿ ಮಾರಾಯ್ರೆ? ಬಿಲ್ಡಿಂಗಿನವರೆಲ್ಲ ನಿಮ್ಮನ್ನು ಹುಡುಕ್ಲಿಕ್ಕೆ ಹೊರಟಿದ್ದೇವೆ. ನೀವು ಹೇಳಿದ ಹಾಗೆ ಎಲ್ಲರೂ ಬಿಲ್ಲೆ ತಗೊಂಡಿದ್ದೇವೆ."

ಅವಸರದಲ್ಲಿ ಹೆಂಡತಿಗೆ ಫೋನು ಮಾಡಿ "ನಾನು ಇಲ್ಲೇ ಇದ್ದೇನೆ" ಎಂದರು. ಆ ಕಡೆ ಬರೀ ಅಳು ಕೇಳಿಸಿ ಕಟ್ಟಾಯಿತು. ಗೇಟಿನ ದೀಪದ ಕೆಳಗೆ ಓದುವಷ್ಟು ಬೆಳಕಿತ್ತು, ಆದರೆ ಒಂದು ಸಾಲೂ ತಲೆಗೆ ಹತ್ತಲಿಲ್ಲ. ಪ್ರತಿ ರಿಕ್ಷಾ ಬಂದಾಗಲೂ ಎದ್ದು ಗೇಟಿನಾಚೆ ಇಣುಕುತ್ತಿದ್ದರು. ತಮಗಾಗಿ ಇಷ್ಟು ಜನ ಬೀದಿಗಿಳಿದರಲ್ಲ ಎಂದು ಅವರಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಮೊದಲು ಹುಲಗಪ್ಪ ಬಂದ. "ಸಾಹೇಬ್ರ, ಕಲ್ಯಾಣ ಸ್ಟೇಶನ್ನಿನ್ಯಾಗ ನಿಮ್ಮ ಫೋಟೋ ತೋರ್ಸಿ ತೋರ್ಸಿ ಸಾಕಾತ್ರೀ!"

ಮುಂಬ್ರಾ ಸ್ಟೇಶನ್ನಿನವರೆಗೆ ಹುಡುಕಿಕೊಂಡು ಹೋಗಿದ್ದ ಜಯಲತಾ ಸಂಗತಿ ಕೇಳಿ, "ಇನ್ನು ನೀರಿನ ದೂರು ಹೇಳುವುದಿಲ್ಲ ಅಂತ ಕೃಷ್ಣ ದೇವರಿಗೆ ಹರಕೆ ಹೊತ್ತಿದ್ದೆ. ಟೆರೇಸಲ್ಲಿ ಮಲಗಿದ್ರಾ? ಹಾಗಾದ್ರೆ ಹರಕೆ ಕ್ಯಾನ್ಸಲ್!" ಎಂದರು.

ಕಟ್ಟಕಡೆಗೆ ದ್ರೌಪದಿ ಬಂದು ತಮ್ಮ ಬಿಲ್ಲೆ ತೂಗುಹಾಕಿ, ಸೆರಗಿನಿಂದ ಕಣ್ಣೊರೆಸಿಕೊಂಡರು. ಗಂಡನ ಕೈಯಿಂದ ಪುಸ್ತಕ ಕಿತ್ತುಕೊಂಡರು.

"ಎಲ್ಲರೂ ಬಂದಾಯ್ತಲ್ಲ, ಇನ್ನು ಒಲೆ ಹಚ್ಚಬಹುದು. ಯಾರ ಮನೆಯಲ್ಲೂ ಅಡುಗೆ ಆಗ್ಲಿಲ್ಲ. ಬಿಲ್ಡಿಂಗಿಗೆಲ್ಲ ನೀವೇ ಉಪ್ಪಿಟ್ಟು ಮಾಡಿ. ಬಾಕಿ ಪುಸ್ತಕ ನಾನು ಓದ್ತೇನೆ, ನೀವು ನೀರುಳ್ಳಿ ಕೊಯ್ಯಿರಿ!"