ಒಂಬತ್ತು ಗಂಟೆ ಹತ್ತು ನಿಮಿಷದ ಬನ್ನು

ಯಾವ ವಿಮಾನ ನಿಲ್ದಾಣಕ್ಕೆ ಯಾವುದು ಎಷ್ಟು ದೂರ, ಹಾರಲು ಎಷ್ಟು ಹೊತ್ತು ಎಂದು ಕುಳಿತಲ್ಲೇ ಹೇಳುವ ಜಾಲತಾಣದ ಮಾನ್ಯರೇ,

ಮೈಯೆಲ್ಲ ಮೈದಾ ಮೆತ್ತಿಕೊಂಡ ಬೇಕರಿಯವನೊಬ್ಬನ ಅನಂತಾನಂತ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕುಳಿತ ಜಾಗ ಬಿಟ್ಟು ಎಲ್ಲಿಗೂ ಹೋಗದವರ ಕ್ಷೇಮಕ್ಕೇನು ಕೊರತೆ.

ಈ ಬೇಕರಿಯನ್ನು ಕಟ್ಟಿದವರು ನನ್ನ ಅಮ್ಮ ಮತ್ತು ಅವಳ ಅಣ್ಣ, ಅಂದರೆ ನನ್ನ ಸೋದರಮಾವ. ಸೌದೆ ಒಲೆಯೇ ಇರಲೆಂದು ಅವಳು, ಕರೆಂಟಿನ ಒಲೆ ತರೋಣವೆಂದು ಅವರು ಜಗಳವಾಡಿ, ಮಾವ ಮುನಿಸಿಕೊಂಡು ದೂರದ ದೇಶ ಸೇರಿದ ಮೇಲೆ ಇಬ್ಬರಿಗೂ ಮಾತಿರಲಿಲ್ಲ. ಈಗ ಕಟ್ಟಡ ಕೆಡವುತ್ತಾರೆ, ಒಲೆಯೂ ಹೋಗುತ್ತದೆ ಎಂಬ ಸುದ್ದಿ ಹೇಗೋ ಕಿವಿಗೆ ಬಿದ್ದು ಮಾವ ತಾವಾಗಿಯೇ ಫೋನು ಮಾಡಿ, "ಒಲೆ ಆರಿಸೋ ಮುಂಚೆ ಒಂದು ಬಿಸಿ ಬನ್ನು ತಿನ್ಬೇಕು ಕಣೇ" ಎಂದರು. ಅಮ್ಮ ಕಣ್ಣೊರೆಸಿಕೊಂಡು ತಪ್ಪನ್ನು ಒಲೆಯ ಹೊಗೆಯ ಮೇಲೆ ಹಾಕಿದಳು.

ಬರುವ ದಿನ ಮಾವ "ಹೊರಟೆ" ಎಂದಷ್ಟೇ ಹೇಳಿ ಫೋನು ಆರಿಸಿದರು. ಅಣ್ಣ ಒಳಗೆ ಬರುವುದಕ್ಕೂ ಬನ್ನು ಒಲೆಯಿಂದ ಹೊರಗೆ ಬರುವುದಕ್ಕೂ ಸರಿಹೋಗಬೇಕೆಂದು ಅಮ್ಮನ ಹಟ. ಉಳಿದಿದ್ದುದು ಕೊನೆಯ ಮೈದಾ ಚೀಲ, ಒಂದು ಹೊರೆ ಸೌದೆ. ಮರುದಿನ ಒಲೆ ಒಡೆಯುವವರು ಬರುವವರಿದ್ದರು. ನಾನು ಬುದ್ಧಿವಂತನಲ್ಲವೇ, ತಮ್ಮ ಮೊರೆ ಹೊಕ್ಕೆ.

ಆಹಾ, ಉತ್ತರವೆಂದರೆ ತಮ್ಮದು! ದೂರವನ್ನು ಕಿಲೋಮೀಟರಿನಲ್ಲಿ, ಮೈಲಿಯಲ್ಲಿ, ಮಾವ ಮನಸ್ಸು ಬದಲಿಸಿ ಹಡಗು ಹತ್ತಿದರೂ ತೊಂದರೆಯಾಗದಂತೆ ಸಮುದ್ರದ ಮೈಲಿಯಲ್ಲೂ ದಯಪಾಲಿಸಿ, ಹಾರಾಟದ ಅವಧಿ ಒಂಬತ್ತು ಗಂಟೆ ಹತ್ತು ನಿಮಿಷ ಎಂದು ಷರಾ ಬರೆದಿರಿ. ಆ ಹತ್ತು ನಿಮಿಷ ನೋಡಿಯೇ ನಾನು ಬೇಸ್ತುಬಿದ್ದದ್ದು. ಬುರುಡೆ ಬಿಡುವವರು ಇಷ್ಟು ಚಿಲ್ಲರೆ ಎಣಿಸುತ್ತಾರೆಯೇ? ಆ ಎರಡು ನಿಲ್ದಾಣಗಳ ನಡುವೆ ನೇರ ವಿಮಾನವೇ ಇಲ್ಲ, ತಾವು ಭೂಪಟದ ಮೇಲೊಂದು ಗೆರೆ ಎಳೆದು ಕೈತೊಳೆದುಕೊಂಡಿದ್ದೀರಿ ಎಂಬುದು, ಎರಡು ಕಡೆ ವಿಮಾನ ಬದಲಿಸಿ ಬೆಂಚಿನ ಮೇಲೆ ಮೈಮುದುಡಿಕೊಂಡು ಮಲಗಿದ್ದ ಮಾವನೊಬ್ಬರಿಗೇ ಗೊತ್ತಿತ್ತು.

ತಮ್ಮ ಲೆಕ್ಕದಂತೆ ಹಿಟ್ಟು ಕಲಸಿದೆವು. ಅದು ಉಬ್ಬಿತು, ಬೆಂದಿತು, ಅಮ್ಮ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಳು. ಬನ್ನು ಆರಿತು, ಸೌದೆ ಮುಗಿಯಿತು. "ಬರೋ ಮನಸ್ಸಿಲ್ಲ ಅವನಿಗೆ, ಬಿಡು" ಎಂದು ಒಳಗೆ ಹೋದಳು. ಅಣ್ಣ ಎರಡನೇ ಸಲ ಕೈಬಿಟ್ಟನೆಂದು ಅವಳು ನಂಬುವಂತಾದದ್ದು ತಮ್ಮ ಕೃಪೆ. ಮರುದಿನ ಮಧ್ಯಾಹ್ನ ಮಾವ ಬಂದಾಗ ಒಲೆ ಇಟ್ಟಿಗೆಯ ರಾಶಿಯಾಗಿತ್ತು. ಅವರು ಅಂಗೈಯಿಟ್ಟು ನೋಡಿ, "ಒಳಗಿನ ಇಟ್ಟಿಗೆ ಇನ್ನೂ ಬೆಚ್ಚಗಿದೆ ಕಣೇ" ಎಂದು ತಂಗಳು ಬನ್ನನ್ನು ಅದರ ಮೇಲಿಟ್ಟು ಕಾದು ಕುಳಿತರು. "ಕಲ್ಲಾಗಿದೆ ಬಿಡೋ ಅಣ್ಣಾ, ಹಲ್ಲು ಹೋಗುತ್ತೆ" ಎನ್ನುತ್ತಲೇ ಅಮ್ಮ ಜೋರಾಗಿ ಅತ್ತಳು. ಈ ಸಲ ತಪ್ಪು ಹೊರಿಸಲು ಹೊಗೆಯೂ ಇರಲಿಲ್ಲ.

ಆದುದರಿಂದ ಮಾನ್ಯರೇ, ತಾವು ಎಳೆದ ಗೆರೆಯ ಮೇಲೆ ದಯಮಾಡಿ ಒಂದು ವಿಮಾನವನ್ನಾದರೂ ಹಾರಿಸಬೇಕು. ಆಗದಿದ್ದರೆ ಎರಡೂ ನಿಲ್ದಾಣಗಳನ್ನು ಕೊಂಚ ಹತ್ತಿರಕ್ಕೆ ಸರಿಸಬೇಕು. ಅದೂ ಆಗದಿದ್ದರೆ ಖುದ್ದಾಗಿ ಬಂದು, ಉಬ್ಬುತ್ತಿರುವ ಹಿಟ್ಟಿಗೆ "ಸ್ವಲ್ಪ ತಡಿಯಪ್ಪ" ಎಂದು ತಿಳಿಹೇಳಬೇಕಾಗಿ ವಿನಂತಿ.

ಇಟ್ಟಿಗೆ ರಾಶಿಯ ಪಕ್ಕದಿಂದ,
ತಮ್ಮ ವಿಶ್ವಾಸಿ,
ತಮ್ಮನ್ನು ನಂಬಿದ ಬೇಕರಿಯವ

ಮರೆತ ಮಾತು: ಮುಂದಿನ ತಿಂಗಳು ಅಮ್ಮ ಮಾವನ ಮನೆಗೆ ಹೊರಟಿದ್ದಾಳೆ. ಅಲ್ಲಿರುವುದು ಕರೆಂಟಿನ ಒಲೆ. "ಅದನ್ನ ಬೈಕೊಂಡೇ ಬನ್ನು ಮಾಡು ಬಾ" ಎಂದಿದ್ದಾರೆ ಮಾವ. ಎಷ್ಟು ಹೊತ್ತಾಗುತ್ತದೆಂದು ತಮ್ಮನ್ನು ಕೇಳಲಿಲ್ಲ, ಮಾವನನ್ನೇ ಕೇಳಿದೆವು. "ನೀನು ಬಂದ ಮೇಲೇ ಹಿಟ್ಟು ಕಲಸೋದು" ಎಂದರು.