ನಾನು ಹಲಸಿನ ಮರವನ್ನು ಸ್ವಲ್ಪ ಸರಿಸಿದ್ದು

ಬಸ್ಸು ಹತ್ತಿದರೆ ಕೆಲವರಿಗೆ ನಿದ್ದೆ ಬರುತ್ತದೆ, ಕೆಲವರಿಗೆ ವಾಂತಿ ಬರುತ್ತದೆ, ನನಗೆ ಬಣ್ಣ ಬರುತ್ತದೆ. ಇದನ್ನು ರೋಗ ಎನ್ನಬೇಕೋ ಗುಣ ಎನ್ನಬೇಕೋ ಎಂಬ ಬಗ್ಗೆ ನನಗೂ ನನ್ನ ಹೆಂಡತಿ ಸುಶೀಲೆಗೂ ಮದುವೆಯಾದಂದಿನಿಂದ ಭಿನ್ನಾಭಿಪ್ರಾಯವಿದೆ. ಎಂಬತ್ತರ ಆಸುಪಾಸಿನಲ್ಲಿ ನಾನು ಕಡಬದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಷ್ಟ್ರಾಗಿದ್ದೆ. ಆದಿತ್ಯವಾರ ಬಂತೆಂದರೆ ಪೇಸ್ಟಲ್ ಕಡ್ಡಿಗಳ ಪೆಟ್ಟಿಗೆಯನ್ನು ಬಗಲಲ್ಲಿ ಇಟ್ಟುಕೊಂಡು ಮೊದಲು ಬಂದ ಬಸ್ಸು ಹತ್ತಿಬಿಡುವುದು. ಅದು ಸುಳ್ಯದ್ದಾದರೆ ಸುಳ್ಯ, ಪುತ್ತೂರಿನದ್ದಾದರೆ ಪುತ್ತೂರು. ಕಿಟಕಿ ಬದಿಯ ಸೀಟು ಸಿಕ್ಕಿತೆಂದರೆ ಮತ್ತೆ ನಾನು ಈ ಲೋಕದವನಲ್ಲ. ಉಪ್ಪಿನಂಗಡಿಯಲ್ಲಿ ಎರಡು ಹೊಳೆಗಳು ಸೇರಿದ ಮೇಲೂ ಕೂಡಲೇ ಬೆರೆಯದೆ, ಹೊಸದಾಗಿ ಮದುವೆಯಾದವರ ಹಾಗೆ ತುಸು ದೂರ ಪಕ್ಕಪಕ್ಕದಲ್ಲೇ ನಾಚಿಕೊಂಡು ಹರಿಯುವುದನ್ನು ನೋಡುತ್ತಾ, ಇಲ್ಲಿ ಬೂದಿಬಣ್ಣದ ಮೇಲೆ ಸ್ವಲ್ಪ ಹಸುರು ತಿಕ್ಕಬೇಕು ಎಂದು ಗಾಳಿಯಲ್ಲಿ ಬೆರಳಾಡಿಸುತ್ತಿದ್ದೆ. ಕಂಡಕ್ಟರಿಗೆ ಇದು ಅಭ್ಯಾಸವಾಗಿತ್ತು. “ಮಾಷ್ಟ್ರೆ, ನೀವು ಇಳಿಯುವ ಸ್ಟಾಪು ಹೋಗಿ ಎಷ್ಟು ಹೊತ್ತಾಯ್ತು! ಇನ್ನೆಂತ ಮಾಡುದು?” ಎಂದು ಅವನು ಕೇಳಿದರೆ, “ಇರಲಿ ಮಾರಾಯ, ಮುಂದೆಯೂ ಊರು ಉಂಟಲ್ಲ” ಎನ್ನುತ್ತಿದ್ದೆ.

ಪೇಸ್ಟಲ್ ಎಂದರೆ ಬಣ್ಣದ ಪುಡಿಯನ್ನು ಒತ್ತಿ ಮಾಡಿದ ಕಡ್ಡಿ. ಕಾಗದದ ಮೇಲೆ ಎಳೆದು ಬೆರಳಿನಿಂದ ಮೆಲ್ಲಗೆ ತಿಕ್ಕಿದರೆ ಬೆಳಗಿನ ಮಂಜು, ಒಲೆಯ ಹೊಗೆ, ಸಂಜೆಯ ಗುಡ್ಡ ಎಲ್ಲವೂ ತಾವಾಗಿಯೇ ಎದ್ದು ಬರುತ್ತವೆ. ಆದರೆ ಅದು ನಿಲ್ಲುವ ಬಣ್ಣವಲ್ಲ. ಪಕ್ಕದಲ್ಲಿ ಯಾರಾದರೂ ಜೋರಾಗಿ ಸೀನಿದರೆ ಒಂದು ಮೋಡ ಹಾರಿಹೋಗುತ್ತದೆ. ಹಾರಿದ್ದು ಎಲ್ಲಿಗೆ ಹೋಗುತ್ತದೆ ಎಂದರೆ ನಮ್ಮ ಮನೆಯ ಮೈ ಒರೆಸುವ ಬೈರಾಸಿಗೆ, ದಿಂಬಿಗೆ, ಒಮ್ಮೊಮ್ಮೆ ದೋಸೆ ಹಿಟ್ಟಿಗೆ. ನಾನು ಎಲ್ಲಿಗೆ ಹೋಗಿದ್ದೆ ಎಂದು ಸುಶೀಲೆ ಕೇಳುವ ಕ್ರಮವೇ ಇರಲಿಲ್ಲ. “ಇವತ್ತು ಮೂಗಿನ ಮೇಲೆ ನೀಲಿ ಉಂಟು, ಹೊಳೆ ಬದಿಗೆ ಹೋದದ್ದಾ?” ಎನ್ನುವಳು. ನನ್ನ ಚಿತ್ರಗಳನ್ನು ಮಾತ್ರ ಅವಳು ಕಣ್ಣೆತ್ತಿ ನೋಡಿದವಳಲ್ಲ. ಬಟ್ಟೆ ಒಗೆಯುವಾಗ ಎಲ್ಲಾ ನೋಡಿ ಆಗುತ್ತದೆ ಎಂಬುದು ಅವಳ ವಾದ.

ನನಗೊಂದು ಸಿದ್ಧಾಂತವಿತ್ತು. ಮುಖ್ಯವಾದ ವಸ್ತುವನ್ನು ಚಿತ್ರದ ಮಧ್ಯದಲ್ಲಿ ನಿಲ್ಲಿಸಬಾರದು, ನಿಲ್ಲಿಸಿದರೆ ಚಿತ್ರ ಸತ್ತಂತೆ. ಮಕ್ಕಳಿಗೆ ಇದನ್ನು ಮೇಜು ಗುದ್ದಿ ಹೇಳುತ್ತಿದ್ದೆ. ದೇವರು ಗಡಿಬಿಡಿಯಲ್ಲಿ ಎಲ್ಲೆಲ್ಲೋ ಇಟ್ಟದ್ದನ್ನು ಸರಿಯಾದ ಜಾಗದಲ್ಲಿ ಇಡುವುದೇ ಕಲಾವಿದನ ಕೆಲಸ ಎಂಬುದು ನನ್ನ ನಂಬಿಕೆ. ಈ ನಂಬಿಕೆಯ ಬಲದಿಂದ ಸುಳ್ಯದ ಗುಡ್ಡಗಳನ್ನು ಹತ್ತಿರ ಎಳೆದಿದ್ದೆ, ಹೊಳೆಗಳನ್ನು ಬೇಕಾದ ಕಡೆ ತಿರುಗಿಸಿದ್ದೆ. ಯಾವ ಗುಡ್ಡವೂ ಬಂದು ನನ್ನ ಹತ್ತಿರ ಜಗಳವಾಡಿರಲಿಲ್ಲ.

ಒಂದು ಆದಿತ್ಯವಾರ ಪುತ್ತೂರಿನಲ್ಲಿ ಬಸ್ಸು ಬದಲಿಸಿ ಈಶ್ವರಮಂಗಲದ ಕಡೆ ಹೊರಟಿದ್ದೆ. ದಾರಿಯಲ್ಲಿ ಮಂಜಿನ ಒಳಗೆ ಒಂದು ಹಲಸಿನ ಮರ ಕಂಡಿತು. ಅದರ ಎಲೆಗಳ ಎಡೆಯಿಂದ ಬಿಸಿಲು ಇಳಿದು ಬರುವ ಚಂದಕ್ಕೆ ನಾನು ಟಿಕೆಟಿನ ಊರನ್ನೇ ಮರೆತು ಇಳಿದುಬಿಟ್ಟೆ. ಎಡಗಡೆ ಒಂದು ಮನೆ, ಬಲಗಡೆ ಒಂದು ಮನೆ, ನಡುವೆ ಬೇಲಿ. ಬೇಲಿ ಎರಡೂ ಕಡೆಯಿಂದ ಬಂದು ಮರಕ್ಕೆ ತಾಗಿ ನಿಂತಿತ್ತು. ಮರ ಸರಿಯಾಗಿ ಮಧ್ಯದಲ್ಲಿತ್ತು, ಅಂದರೆ ತಪ್ಪು ಜಾಗದಲ್ಲಿ. ನಾನು ಅದನ್ನು ಬೇಲಿಯಿಂದ ಎಬ್ಬಿಸಿ ಬಲಗಡೆಗೆ ಸರಿಸಿದೆ. ಕೆಳಗೆ ಮೊಣಕೈಯ ಹಾಗೆ ಬಾಗಿದ ಒಂದು ದಪ್ಪ ಕೊಂಬೆ ಬೆಳಕಿಗೆ ಅಡ್ಡ ಬರುತ್ತಿತ್ತು. ಅದನ್ನು ಬಿಟ್ಟೇಬಿಟ್ಟೆ.

ಚಿತ್ರ ಮುಗಿಯುವಾಗ ಬಲಗಡೆ ಮನೆಯ ಬಾಬಣ್ಣ ಬಂದು ಹಿಂದೆ ನಿಂತು ನನ್ನ ಊರು, ಕೆಲಸ ವಿಚಾರಿಸಿಕೊಂಡರು. “ಇದು ಶಾಲೆಯ ಸೀಮೆಸುಣ್ಣವಾ ಮಾಷ್ಟ್ರೆ?” ಎಂದು ನಗುತ್ತಾ ಬಗ್ಗಿದವರು ಚಿತ್ರ ನೋಡಿ ನಗು ನಿಲ್ಲಿಸಿದರು. “ಮರ ನನ್ನ ಜಾಗೆಯಲ್ಲಿ ಉಂಟಲ್ಲ! ಓದಿದವರ ಕಣ್ಣಿಗೆ ಸರಿ ಕಾಣ್ತದೆ ನೋಡಿ!” ಆಗ ನನಗೆ ವಿಷಯ ತಿಳಿಯಿತು. ಎಡಗಡೆಯ ಮನೆ ಅವರ ಅಣ್ಣ ಮಂಜಪ್ಪಣ್ಣನದು. ಆಸ್ತಿ ಪಾಲಾದಂದಿನಿಂದ ಇಬ್ಬರಿಗೂ ಮಾತಿಲ್ಲ. ಮರ ಯಾರದ್ದೆಂದು ತೀರ್ಮಾನವಾಗದೆ, ಕಡಿದು ಮರಮಟ್ಟು ಅರ್ಧರ್ಧ ಮಾಡುವುದೆಂದು ಹಿರಿಯರು ಹೇಳಿದ್ದರು. ಮುಂದಿನದ್ದರ ಮುಂದಿನ ಆದಿತ್ಯವಾರ ಮರ ಕಡಿಯುವವರು ಬರುವವರಿದ್ದರು. ಬಾಬಣ್ಣ ನನಗೆ ಕಾಫಿ ಕೊಟ್ಟು ಚಿತ್ರವನ್ನು ಇಟ್ಟುಕೊಂಡರು.

ತಮ್ಮನ ಉದ್ಗಾರ ಬೇಲಿ ದಾಟಿರಬೇಕು, ಬಸ್ಸಿಗೆ ಕಾಯುವಲ್ಲಿ ಮಂಜಪ್ಪಣ್ಣ ಹಾಜರಿದ್ದರು. “ನನ್ನ ಮರವನ್ನು ಆಚೆ ಹೊತ್ತು ಹಾಕಿದ್ದು ನೀವಾ?” ಎಂದರು. ಅದು ಕಲೆ, ಚಂದಕ್ಕಾಗಿ ಸ್ವಲ್ಪ ಸರಿಸುವುದುಂಟು ಎಂದೆ. ಅವರು ಶಾಂತವಾಗಿ ಕೇಳಿದರು: “ಹಾಗಾದ್ರೆ ಈಚೆಗೆ ಸರಿಸಿದ್ರೂ ಚಂದ ಬರ್ತದಲ್ವಾ?” ಸಿದ್ಧಾಂತದ ಪ್ರಕಾರ ಬರಲೇಬೇಕಿತ್ತು. ಮುಂದಿನ ಆದಿತ್ಯವಾರ ಹೋಗಿ ಮರವನ್ನು ಎಡಗಡೆಗೆ ಸರಿಸಿದ ಇನ್ನೊಂದು ಚಿತ್ರ ಮಾಡಿಕೊಟ್ಟೆ. ನಿಜ ಹೇಳಬೇಕೆಂದರೆ ಅದು ಮೊದಲನೆಯದಕ್ಕಿಂತ ಚೆನ್ನಾಗಿಯೇ ಬಂತು, ನೆರಳಿಗೆ ತುಸು ನೇರಳೆ ಬೆರೆಸಿದ್ದೆ.

ಆ ವಾರವಿಡೀ ನನಗೆ ಸಂಕಟ. ಮೊದಲಾದರೆ ಇಬ್ಬರೂ ಅರ್ಧರ್ಧಕ್ಕಾದರೂ ಒಪ್ಪಿದ್ದರು, ಈಗ ಒಬ್ಬೊಬ್ಬರ ಕೈಯಲ್ಲೂ ಇಡೀ ಮರದ ಚಿತ್ರ. ಅದಕ್ಕಿಂತ ಹೆಚ್ಚಾಗಿ, ಆ ಮರದ ಮೇಲೆ ನನಗೆ ಪ್ರೀತಿ ಹುಟ್ಟಿತ್ತು. ಕರಿಹಲಗೆಯ ಮೇಲೆ ಹೂಜಿ ಬರೆಯಲು ಹೋದರೆ ಅದರ ಹೊಟ್ಟೆ ಹಲಸಿನ ಹಣ್ಣಿನ ಹಾಗೆ ಊದಿಕೊಳ್ಳುತ್ತಿತ್ತು. ನಿಂತಲ್ಲಿ ಕೂತಲ್ಲಿ ಆ ಮಂಜು, ಆ ಎಲೆಯೆಡೆಯ ಬಿಸಿಲು ಕಣ್ಣಿಗೆ ಬರುತ್ತಿತ್ತು. ಕಡಿಯುವ ದಿನ ನಾನೂ ಹೋದೆ, ಕೊನೆಯ ಸಲ ನೋಡಿಬಿಡೋಣ ಎಂದು.

ಹಗ್ಗ, ಕೊಡಲಿ ಹಿಡಿದ ಇಬ್ಬರು ಮರದ ಬುಡದಲ್ಲಿ ಬೀಡಿ ಸೇದುತ್ತಿದ್ದರು. ಅಣ್ಣ ತಮ್ಮಂದಿರು ಬೇಲಿಯ ಆಚೆ ಈಚೆ, ಕೈಯಲ್ಲಿ ಒಂದೊಂದು ಚಿತ್ರ. “ಮಾಷ್ಟ್ರೆ, ಆಚೆಯವರಿಗೆ ಹೇಳಿ, ಮರ ಎಲ್ಲಿ ಉಂಟು ಅಂತ ಇದರಲ್ಲಿ ನೋಡ್ಲಿ” ಎಂದು ಬಾಬಣ್ಣ ಚಿತ್ರವನ್ನು ಎತ್ತಿ ಹಿಡಿದರು. ಮಂಜಪ್ಪಣ್ಣ ನೋಡಿದರು. ಹುಬ್ಬು ಗಂಟಿಕ್ಕಿ ಮರವನ್ನು ನೋಡಿದರು, ಮತ್ತೆ ಚಿತ್ರವನ್ನು ನೋಡಿದರು. “ಇದೆಂತ ಮಾಷ್ಟ್ರೆ, ಆ ಅಡ್ಡ ಕೊಂಬೆ ಎಲ್ಲಿ?” ಎಂದರು. ಬಾಬಣ್ಣ ಕೊರಳು ಚಾಚಿ ಅಣ್ಣನ ಕೈಯಲ್ಲಿದ್ದುದನ್ನು ನೋಡಿ, “ಅದರಲ್ಲೂ ಇಲ್ಲ” ಎಂದರು. ಚಂದ ಕೆಡುತ್ತದೆಂದು ಬಿಟ್ಟೆ ಎಂದು ನಾನು ತೊದಲಿದೆ.

ಮತ್ತೆ ಬಾಬಣ್ಣ ನನ್ನನ್ನು ಬಿಟ್ಟು ನೇರವಾಗಿ ಬೇಲಿಯಾಚೆ ನೋಡಿ, “ಅಣ್ಣ, ನಾನು ಬಿದ್ದ ಕೊಂಬೆಯೇ ಇಲ್ಲ ಇದರಲ್ಲಿ” ಎಂದರು.

“ನೀನು ಬಿದ್ದದ್ದು ಮಾತ್ರವಾ?” ಮಂಜಪ್ಪಣ್ಣನ ದನಿ ಏರಿತು. “ಉಯ್ಯಾಲೆ ಕಟ್ಟಿದ್ದು ನಾನು. ಕೈ ಮುರಿದದ್ದು ನಿಂದು, ಹೆಗಲ ಮೇಲೆ ಹಾಕಿಕೊಂಡು ಪಂಡಿತರ ಮನೆವರೆಗೆ ಓಡಿದ್ದು ನಾನು, ಅಪ್ಪನ ಕೈಯಿಂದ ಪೆಟ್ಟು ತಿಂದದ್ದೂ ನಾನೇ!”

“ನನ್ನ ಪಾಲಿನ ಪೆಟ್ಟು ಸಹ ನೀನೇ ತಿಂದದ್ದು, ನನಗೆ ಗೊತ್ತುಂಟು” ಎಂದರು ಬಾಬಣ್ಣ. ಇಬ್ಬರೂ ಆ ಕೊಂಬೆಯನ್ನು ನೋಡುತ್ತಾ ನಿಂತರು. ಮತ್ತೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. “ಇವರಿಗೆ ಚಿತ್ರ ಬರುದಿಲ್ಲ ಅಣ್ಣ” ಎಂದರು ತಮ್ಮ. “ಅದು ನನಗೆ ಮೊದಲೇ ಗೊತ್ತಿತ್ತು” ಎಂದರು ಅಣ್ಣ. ಪಾಲಾದ ಮೇಲೆ ಅವರಿಬ್ಬರೂ ಮನಸಾರೆ ಒಪ್ಪಿಕೊಂಡ ಮೊದಲ ಮಾತು ಇದು. ಕೊಡಲಿಯವರಿಗೆ ಚಹಾ ಕೊಟ್ಟು ಕಳಿಸಿದರು. ನನ್ನನ್ನು ಮಾತ್ರ ಕಳಿಸಲಿಲ್ಲ. ಸ್ಟೂಲು ತಂದು ಕೂರಿಸಿ, ಇಬ್ಬರೂ ನನ್ನ ಹಿಂದೆ ನಿಂತು ಚಿತ್ರ ಮಾಡಿಸಿದರು. “ಮರ ಮಧ್ಯಕ್ಕೆ ಬರ್ಲಿ ಮಾಷ್ಟ್ರೆ, ಉಂಟಲ್ಲ ಹಾಗೆ.” “ಕೊಂಬೆ ಇನ್ನೂ ದಪ್ಪ.” “ಇಲ್ಲಿ ಹಗ್ಗ ಉಜ್ಜಿದ ಗುರುತು ಉಂಟು, ನೋಡಿ.” ನಾನು ಸಿದ್ಧಾಂತವನ್ನು ಪೆಟ್ಟಿಗೆಯೊಳಗಿಟ್ಟು, ಹೇಳಿದಲ್ಲಿ ಹೇಳಿದ ಬಣ್ಣವನ್ನು ತಿಕ್ಕುತ್ತಾ ಹೋದೆ. ಚಿತ್ರ ಯಾರ ಮನೆಯಲ್ಲಿರಬೇಕು ಎಂಬ ಪ್ರಶ್ನೆ ಬಂದಾಗ ಇಬ್ಬರೂ ಮುಖ ಮುಖ ನೋಡಿಕೊಂಡು, ಪುನಃ ಪಂಚಾಯಿತಿಕೆ ಬೇಡವೆಂದು ಅದನ್ನು ನನಗೇ ಕೊಟ್ಟುಬಿಟ್ಟರು.

ಮನೆಗೆ ತಂದು ಮೇಜಿನ ಮೇಲೆ ಒರಗಿಸಿಟ್ಟು ಕೈ ತೊಳೆಯಲು ಹೋಗಿದ್ದೆ. ಬರುವಾಗ ಸುಶೀಲೆ ಅದರ ಎದುರು ನಿಂತಿದ್ದಳು, ಕೈಯಲ್ಲಿದ್ದ ಸೌಟನ್ನೂ ಮರೆತು. ಮದುವೆಯಾದ ಮೇಲೆ ಅವಳು ಒಂದು ಚಿತ್ರವನ್ನು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಎದೆ ಹಿಗ್ಗಿತು. ಅವಳು ತಿರುಗಿ ನೋಡಿ, “ಇದು ಲಾಯ್ಕುಂಟು. ಯಾರು ಮಾಡಿದ್ದು?” ಎಂದು ಕೇಳಿದಳು.

ನಾನು ಬಾಯಿ ತೆರೆದೆ, ಆದರೆ ‘ನಾನು’ ಎನ್ನಲು ನಾಲಗೆ ಹೊರಳಲಿಲ್ಲ. “ಈಶ್ವರಮಂಗಲದ ಕಡೆಯವರು, ಅಣ್ಣ ತಮ್ಮ ಇಬ್ಬರು” ಎಂದೆ.

“ಅವರ ಹತ್ತಿರ ಹೋಗಿ ನೀವೂ ಸ್ವಲ್ಪ ಕಲಿಯಬಹುದಿತ್ತಲ್ಲ?” ಎಂದಳು ಸುಶೀಲೆ.